ಅಪ್-ಡೌನ್ ಮಾಡೋ ಹುಡುಗರ ಕಾಲೇಜು: ಪದೇ ಪದೇ ಕೇಳೋ ಪ್ರಶ್ನೆಗಳು

ಧಾರವಾಡ-ಹುಬ್ಬಳ್ಳಿ ಕಡೆ ಪಾಠ ಮಾಡ್ಕೋತ ಬಂದವರಿಗೆ ಕೆಲವು ಪ್ರಶ್ನೆ ಹೊಳ್ಳಿ ಹೊಳ್ಳಿ ಎದುರಾಗ್ತಾವ. ಹೊಸದಾಗಿ ಬಂದ ಗೆಸ್ಟ್ ಲೆಕ್ಚರರ್ ಕೇಳ್ತಾರ, ಹಾಸ್ಟೆಲ್‌ನ್ಯಾಗ ಇರೋ ಹುಡುಗರು ಕೇಳ್ತಾರ, ಮಗಳನ್ನ ದಿನಾ ಬಸ್ಸಿಗೆ ಹತ್ತಿಸೋ ಅಪ್ಪ-ಅವ್ವ ಫೋನ್ ಮಾಡಿ ಕೇಳ್ತಾರ, ಅಪ್-ಡೌನ್ ಮಾಡೋ ಹುಡುಗರು ಸ್ವತಃ ಬರದು ಕಳಸ್ತಾರ. ಅವರು ಹೆಂಗ ಕೇಳಿದ್ರೋ ಹಂಗ ಪ್ರಶ್ನೆ ಇಟ್ಟು ಉತ್ತರ ಬರದೀನಿ. ಸರಳ ಪ್ರಶ್ನೆ ಮೊದಲು ಅದಾವ, ತೊಡಕಿನವು ಕೆಳಗ.

## ಮೊದಲು ಗೊತ್ತಿರಬೇಕಾದ್ದು

ಈ ಅಪ್-ಡೌನ್ ಹುಡುಗರು ಅಂದ್ರ ಯಾರ್ರಿ? ಹುಬ್ಬಳ್ಳಿಯಿಂದ ಧಾರವಾಡಕ್ಕ ಬರೋರೂ ಅದರಾಗ ಬರ್ತಾರೇನು?

ಬರ್ತಾರ. ಮುಂಜಾನೆ ಮನಿಯಿಂದ ಹೊಂಟು ಸಂಜಿಗೆ ಮನಿಗೇ ಹೊಳ್ಳಿ ಹೋಗೋರೆಲ್ಲ ಅಪ್-ಡೌನ್‌ನವರೇ. ಆದ್ರ ಎಲ್ಲಾರ ದಾರಿ ಒಂದೇ ಅಲ್ಲ. ಹುಬ್ಬಳ್ಳಿ-ಧಾರವಾಡ ನಡುವ ಸುಮಾರು 20 ಕಿಲೋಮೀಟರ್, 2018ರಿಂದ ಚಿಗರಿ ಬಸ್ಸಿಗೆ ತನ್ನದೇ ಬೇರೆ ದಾರಿ ಐತಿ, ಒಂದು ತಪ್ಪಿದ್ರ ಸ್ವಲ್ಪ ಹೊತ್ತಿಗೆ ಇನ್ನೊಂದು ಸಿಗ್ತೈತಿ. ನವಲಗುಂದದ ಕಡೆ ಒಂದು ಹಳ್ಳಿಯಿಂದ ಬರೋ ಹುಡುಗನಿಗೆ ಹಂಗಲ್ಲ, ಅವನ ಊರಿಗೆ ಮುಂಜಾನೆ ಬರೋದು ಒಂದೇ ಬಸ್ ಇರ್ತೈತಿ, ಅದು ತಪ್ಪಿದ್ರ ಆ ದಿನದ ಕಾಲೇಜೇ ತಪ್ಪಿದಂಗ. ಗದಗಿನಿಂದ ಧಾರವಾಡಕ್ಕ ಬರೋರು ಹುಬ್ಬಳ್ಳಿ ತನಕ ಸುಮಾರು 60 ಕಿಲೋಮೀಟರ್ ಬಂದು ಅಲ್ಲಿ ಬಸ್ ಬದಲಿ ಮಾಡಿ ಮತ್ತ ಮುಂದ ಬರ್ತಾರ. ರಿಜಿಸ್ಟರ್‌ನ್ಯಾಗ ಮೂರೂ ಹೆಸರು ಒಂದರ ಕೆಳಗ ಒಂದು ಇರ್ತಾವ, ನೋಡೋರಿಗೆ ಏನೂ ಫರಕ್ ಕಾಣೋದಿಲ್ಲ.

ಅವರವರ ತಾಲೂಕಿನಲ್ಲೇ ಡಿಗ್ರಿ ಕಾಲೇಜು ಇದೆಯಲ್ಲ ಸರ್, ಇಷ್ಟು ದೂರ ಯಾಕೆ ಬರ್ತಾರೆ?

ತಾಲೂಕಿನ್ಯಾಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇರ್ತೈತಿ, ಅಲ್ಲಿ ಬಿಎ ಬಿಕಾಂ ಸಿಗ್ತೈತಿ. ಬಿಎಸ್ಸಿಯೊಳಗ ಬೇಕಾದ ಕಾಂಬಿನೇಷನ್, ಬಿಸಿಎ, ಲಾ, ಎಂಎ, ಎಂಎಸ್ಸಿ ಬೇಕಂದ್ರ ಅವಳಿ ನಗರಕ್ಕ ಬರಬೇಕು. ಮತ್ತ ಧಾರವಾಡ ಅಂದ್ರ ನಮ್ಮ ಕಡೆ ಮಂದಿ ಮನಸಿನ್ಯಾಗ ಓದೋ ಊರು. ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಾಗ, ಕರ್ನಾಟಕ ವಿಶ್ವವಿದ್ಯಾಲಯ 1949ರಾಗ, ಕೃಷಿ ವಿಶ್ವವಿದ್ಯಾಲಯ 1986ರಾಗ, ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ 2009ರಾಗ. ಅಜ್ಜನ ಕಾಲದಿಂದ 'ಧಾರವಾಡಕ್ಕ ಹೋಗಿ ಕಲೀಬೇಕು' ಅನ್ನೋ ಮಾತು ಮನ್ಯಾಗ ಕೇಳಿಕೋಂತ ಬೆಳೆದಿರ್ತಾರ. ಇನ್ನೊಂದು ಕಾರಣ ಹುಡುಗ್ಯಾರ ಬಾಯಿಂದ ಭಾಳ ಸಲ ಕೇಳೀನಿ: ಊರಾಗಿನ ಕಾಲೇಜಿಗೆ ಹೋದ್ರ ಊರ ಮಂದಿ ಕಣ್ಣು ಪೂರ್ತಾ ನಮ್ಮ ಮ್ಯಾಲೇ ಇರ್ತೈತಿ, ಇಲ್ಲಿ ಸ್ವಲ್ಪ ಉಸಿರಾಡ್ತೀವಿ ಅಂತಾರ.

ಹಾಸ್ಟೆಲ್ ಇದಾವಲ್ಲ, ಅಲ್ಲೇ ಇದ್ದು ಓದಬಾರದೇನು?

ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗೋದಿಲ್ಲ, ಮೊದಲನೇ ಮಾತು ಅದು. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ವಿಶ್ವವಿದ್ಯಾಲಯದ ಹಾಸ್ಟೆಲ್, ಮಠಗಳ ಪ್ರಸಾದ ನಿಲಯ ಎಲ್ಲಾ ಅದಾವ, ಮುರುಘಾಮಠದಂಥ ಕಡೆ ಉಂಡು ಓದಿ ದೊಡ್ಡವರಾದೋರು ನಮ್ಮ ಭಾಗದಾಗ ಪ್ರತಿ ಊರಾಗ ಸಿಗ್ತಾರ, ಆದ್ರೂ ಸಾಲೋದಿಲ್ಲ. ಸೀಟು ಸಿಕ್ಕರೂ ಕೆಲವರು ಬರೋದಿಲ್ಲ, ಯಾಕಂದ್ರ ಮನ್ಯಾಗ ಅವರು ಬೇಕು. ಎಮ್ಮಿ ಹಿಂಡೋರು ಇಲ್ಲ, ಅಪ್ಪಗ ಸಕ್ಕರಿ ಕಾಯಿಲೆ ಜೋರಾಗೈತಿ, ತಮ್ಮ ಇನ್ನೂ ಸಣ್ಣಾವ. ಹುಡುಗನ ಕಡೆಯಿಂದ ನೋಡಿದ್ರ ಅಪ್-ಡೌನ್ ಅಂದ್ರ ಓದು ಮತ್ತ ಮನಿ ಎರಡನ್ನೂ ಕೈ ಬಿಡದಂಗ ಹಿಡಕೊಳ್ಳೋ ದಾರಿ.

ಹಳ್ಳಿ ಹುಡುಗರು ಅಂದ್ರೆ ಎಲ್ಲರೂ ಒಂದೇ ಥರ ಅಲ್ವಾ? ಒಬ್ಬರನ್ನ ಅರ್ಥ ಮಾಡ್ಕೊಂಡ್ರೆ ಎಲ್ಲರನ್ನೂ ಮಾಡ್ಕೊಂಡಂಗೆ?

ಅಲ್ಲ. ಇಡೀ ಪುಟದಾಗ ನಾನು ಹೇಳಬೇಕಾಗಿರೋದು ಬಹಳಷ್ಟು ಇದನ್ನೇ.

ಒಂದ ಕಾಲೇಜಿನ್ಯಾಗ ಕುಂತವರನ್ನ ನೋಡ್ರಿ. ಒಬ್ಬಾವ ಅಣ್ಣಿಗೇರಿ ಕಡೆ ಎರಿ ಹೊಲದ ಒಕ್ಕಲುತನದವರ ಮಗ, ಮನ್ಯಾಗ ಟ್ರ್ಯಾಕ್ಟರ್ ಐತಿ, ಆದ್ರ ಮಳಿ ಕೈ ಕೊಟ್ಟ ವರ್ಷ ಫೀಸಿಗೆ ರೊಕ್ಕ ಇರೋದಿಲ್ಲ. ಅವನ ಬಾಜೂಕ ಶಿರಹಟ್ಟಿ ಕಡೆ ತಾಂಡಾದ ಹುಡುಗ, ಅವ್ವ-ಅಪ್ಪ ಗೋವಾಕ್ಕ ದುಡಿಯಾಕ ಹೋಗ್ಯಾರ, ಮನ್ಯಾಗ ಅಜ್ಜಿ ಮತ್ತ ತಂಗಿ ಅಷ್ಟ, ಇವನೇ ಮನಿ ಯಜಮಾನ. ಮುಂದಿನ ಬೆಂಚಿನ್ಯಾಗ ಹಳೇ ಹುಬ್ಬಳ್ಳಿ ಹುಡುಗಿ, ಹತ್ತನೇತ್ತ ತನಕ ಉರ್ದು ಮೀಡಿಯಂ, ಮನಿಯೊಳಗ ಡಿಗ್ರಿ ತನಕ ಬಂದ ಮೊದಲನೇಕಿ. ಆಕೀ ಗೆಳತಿ ಕಲಘಟಗಿ ಕಡೆ ಗೌಳಿ ದಡ್ಡಿಯಿಂದ, ಅಂದ್ರ ಎಮ್ಮಿ ಸಾಕೋ ಗೌಳಿಗರ ವಸ್ತಿಯಿಂದ ಬರ್ತಾಳ, ಬಸ್ ಸ್ಟಾಪಿಗೆ ಬರಾಕ ಕಾಡ ದಾರಿ ನಡೀಬೇಕು. ಹಿಂದಿನ ಬೆಂಚಿನ್ಯಾಗ ಧಾರವಾಡದ ಮಾಸ್ತರ ಮಗ, ಅವನಿಗೆ ಕಾಲೇಜು ಸೈಕಲ್ ದಾರಿ. ಎರಡು ಮಕ್ಕಳ ತಾಯಿ ಒಬ್ಬಾಕಿ ಬಿಎಡ್ ಮುಗಿಸಿ ಎಂಎಗೆ ಸೇರ್ಯಾಳ.

ಇವರಿಗೆಲ್ಲ 'ರೂರಲ್ ಸ್ಟೂಡೆಂಟ್ಸ್' ಅಂತ ಒಂದ ಹೆಸರಿಟ್ಟು ಒಂದ ಪರಿಹಾರ ಕೊಡಾಕ ಹೋದ್ರ ಯಾರಿಗೂ ಉಪಯೋಗ ಆಗೋದಿಲ್ಲ. ಒಬ್ಬರಿಗೆ ಟೈಮ್ ಬೇಕು, ಒಬ್ಬರಿಗೆ ರೊಕ್ಕ ಬೇಕು, ಮತ್ತೊಬ್ಬರಿಗೆ ಭಾಷೆಯ ಧೈರ್ಯ ಬೇಕು. ಕೆಲವರಿಗೆ ಕುಂತು ಊಟ ಮಾಡಾಕ ಒಂದು ನೆರಳಿನ ಜಾಗ ಇದ್ರ ಸಾಕು.

## ಬಸ್ಸು, ಪಾಸು, ಟೈಮು

ದಿನಾ ಫಸ್ಟ್ ಪಿರಿಯಡ್‌ಗೆ ಲೇಟ್ ಬರ್ತಾರೆ. ನಾನು ಬಾಗಿಲು ಹಾಕಿಬಿಡ್ತೀನಿ. ಇದರಲ್ಲಿ ತಪ್ಪೇನಿದೆ?

ಬಾಗಿಲು ಹಾಕೋಕಿಂತ ಮೊದಲು ಅವರ ಊರಿನ ಬಸ್ ಟೈಮ್ ಕೇಳ್ರಿ. ಹಳ್ಳಿಯೊಳಗ ರಾತ್ರಿ ನಿಲ್ಲೋ ವಸ್ತಿ ಬಸ್ ಇದ್ರ ಅದು ಮುಂಜಾನೆ ನಸುಕಿನ್ಯಾಗ ಬಿಡ್ತೈತಿ, ಹುಡುಗ ಕಾಲೇಜಿನ ಗೇಟ್ ತೆಗಿಯೋ ಮೊದಲೇ ಬಂದು ಕುಂತಿರ್ತಾನ. ವಸ್ತಿ ಬಸ್ ಇಲ್ಲಂದ್ರ ಡಿಪೋದಿಂದ ಬಸ್ ಹೊಂಟು, ಹಳ್ಳಿಗೆ ಹೋಗಿ, ಹೊಳ್ಳಿ ಬರೋದ್ರಾಗ ನಿಮ್ಮ ಮೊದಲನೇ ಪಿರಿಯಡ್ ಅರ್ಧ ಮುಗಿದಿರ್ತೈತಿ. ಅದರ ಮ್ಯಾಲ ಹೊಸ ಬಸ್ ಸ್ಟ್ಯಾಂಡಿನಿಂದಲೋ ಜುಬಿಲಿ ಸರ್ಕಲ್‌ನಿಂದಲೋ ವಿಶ್ವವಿದ್ಯಾಲಯದ ಗುಡ್ಡದ ತನಕ ಇನ್ನೊಂದು ಸಿಟಿ ಬಸ್ ಹಿಡೀಬೇಕು. ಈ ಕೊನೇ ಎರಡು-ಮೂರು ಕಿಲೋಮೀಟರೇ ಹುಡುಗರ ಪ್ರಾಣ ಹಿಂಡ್ತೈತಿ, ಆಟೋಕ್ಕ ದಿನಾ ರೊಕ್ಕ ಕೊಡಾಕ ಆಗೋದಿಲ್ಲ, ನಡ್ಕೋತ ಬಂದ್ರ ಇನ್ನೂ ಲೇಟು.

ಮಳಿಗಾಲದಾಗ ಇನ್ನೂ ಬ್ಯಾರೆ ಕಥಿ. ಕುಂದಗೋಳ, ನವಲಗುಂದ ಕಡೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಬಂದ್ರ ದಾರಿ ಬಂದ್. ಮ್ಯಾಲ ಎಲ್ಲೋ ಮಳಿಯಾಗಿರ್ತೈತಿ, ನಿಮ್ಮ ಕಾಲೇಜಿನ್ಯಾಗ ಬಿಸಿಲು ಬಿದ್ದಿರ್ತೈತಿ, ಹುಡುಗ 'ಹಳ್ಳ ಬಂದಿತ್ರಿ ಸರ್' ಅಂದ್ರ ನೆಪ ಹೇಳಾಕತ್ಯಾನ ಅಂತ ಅನಸ್ತೈತಿ. ನೆಪ ಅಲ್ಲದು. ಯಲ್ಲಮ್ಮನ ಗುಡ್ಡದ ಹುಣ್ಣಿವಿ ಮುಂದ, ಶಿವರಾತ್ರಿಗೆ ಸಿದ್ಧಾರೂಢರ ಜಾತ್ರಿ ಮುಂದ ಬಸ್ಸು ಜಾತ್ರಿಗೆ ಹೋಗ್ತಾವ, ದಿನದ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರೋದಿಲ್ಲ.

ನಾನು ಕಂಡಂಗ ಚಲೋ ದಾರಿ ಅಂದ್ರ ಮೊದಲನೇ ಹತ್ತು-ಹದಿನೈದು ನಿಮಿಷದಾಗ ಹೊಸ ವಿಷಯ ಶುರು ಮಾಡಬಾರದು. ನಿನ್ನೆದು ಹೊಳ್ಳಿ ನೋಡೋದು, ಡೌಟ್ ಕೇಳೋದು, ಒಂದು ಲೆಕ್ಕ ಬಿಡಿಸೋದು ಇಟ್ಟರ ಮೊದಲೇ ಬಂದವರಿಗೂ ಉಪಯೋಗ, ಲೇಟ್ ಬಂದವರಿಗೂ ನಷ್ಟ ಇಲ್ಲ. ಬಸ್ ಟೈಮಿನ ನೆಪ ಹೇಳಿ ಕ್ಯಾಂಟೀನ್‌ನ್ಯಾಗ ಕುಂದ್ರೋರೂ ಇರ್ತಾರ, ಇಲ್ಲ ಅನ್ನೋದಿಲ್ಲ. ಅವರು ಯಾರು ಅಂತ ತಿಂಗಳೊಳಗ ಗೊತ್ತಾಗ್ತೈತಿ, ಅವರ ಸಲುವಾಗಿ ಉಳಿದವರ ಮುಂದ ಬಾಗಿಲು ಹಾಕಬ್ಯಾಡ್ರಿ.

ಶಕ್ತಿ ಯೋಜನೆ ಬಂದ ಮ್ಯಾಲ ಹುಡುಗ್ಯಾರ ಸಂಖ್ಯೆ ಜಾಸ್ತಿ ಆಗೈತಿ ಅಂತಾರ, ಖರೇನಾ?

2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನ್ಯಾಗ ಓಡಾಟ ಫ್ರೀ, ಅದೇ ಶಕ್ತಿ ಯೋಜನೆ. ಒಟ್ಟು ಸಂಖ್ಯೆ ಬಿಡ್ರಿ, ನಾನು ಕ್ಲಾಸಿನ್ಯಾಗ ಕಂಡ ಬದಲಾವಣೆ ಹೇಳ್ತೀನಿ. ಮೊದಲು ಪಾಸಿನ ರೊಕ್ಕ ಕೂಡಿಸೋ ತನಕ ಜೂನ್-ಜುಲೈ ತಿಂಗಳು ಕಾಲೇಜಿಗೆ ಬರದ ಹುಡುಗ್ಯಾರು ಇದ್ರು, ಈಗ ಅಡ್ಮಿಷನ್ ಆದ ಮರುದಿನದಿಂದ ಬರ್ತಾರ. ಲೈಬ್ರರಿಗೆ ಅಂತ ರಜಾ ದಿನಾನೂ ಬರ್ತಾರ, ಧಾರವಾಡದಾಗ ಒಂದು ಪರೀಕ್ಷೆ ಐತಿ, ಹುಬ್ಬಳ್ಳಿಯೊಳಗ ಒಂದು ಇಂಟರ್ವ್ಯೂ ಐತಿ ಅಂದ್ರ ಅಪ್ಪನ ಕಡೆ ಕೈ ಚಾಚಬೇಕಿಲ್ಲ. ನನಗ ಇದು ಭಾಳ ದೊಡ್ಡ ವಿಷಯ ಅನಸ್ತೈತಿ.

ಗದ್ದಲ ಜಾಸ್ತಿ ಆಗಿದ್ದೂ ಖರೆ. ತುಂಬಿದ ಬಸ್ ಕೆಲವು ಸ್ಟಾಪಿನ್ಯಾಗ ನಿಲ್ಲೋದಿಲ್ಲ, ಪಾಸ್ ತಗೊಂಡ ಹುಡುಗರು ಬಾಗಿಲಿಗೆ ಜೋತು ಬಿದ್ದು ಬರ್ತಾರ. ಅದಕ್ಕ ಬಸ್ ಹೆಚ್ಚು ಬಿಡಬೇಕು, ಹೆಣ್ಣುಮಕ್ಕಳ ಮ್ಯಾಲ ಸಿಟ್ಟು ಮಾಡೋದು ಸರಿಯಲ್ಲ, ಕ್ಲಾಸಿನ್ಯಾಗ ಗಂಡುಹುಡುಗರು ಆ ಥರ ಮಾತಾಡಿದ್ರ ನಾನು ಅಲ್ಲೇ ನಿಲ್ಲಸಿ ಹೇಳ್ತೀನಿ.

ಬಸ್ಸಿಗಿಂತ ಟ್ರೇನ್ ಚಲೋ ಅಂತಾರ, ಹೌದೇನ್ರಿ?

ನಿಮ್ಮ ಊರು ಲೈನಿನ ಮ್ಯಾಲ ಇದ್ರ ಹೌದು. ಗದಗ-ಅಣ್ಣಿಗೇರಿ-ಹುಬ್ಬಳ್ಳಿ, ಹಾವೇರಿ-ಯಲವಿಗಿ-ಗುಡಗೇರಿ-ಕುಂದಗೋಳ-ಹುಬ್ಬಳ್ಳಿ, ಅಳ್ನಾವರ-ಮುಗದ-ಧಾರವಾಡ ಈ ಮೂರೂ ಕಡೆಯಿಂದ ಹುಡುಗರು ಟ್ರೇನಿಗೆ ಬರ್ತಾರ. ಸೀಸನ್ ಟಿಕೆಟ್ ವಿದ್ಯಾರ್ಥಿಗಳಿಗೆ ಅರ್ಧ ದರ, ಮತ್ತ ಭಾಳ ಮಂದಿಗೆ ಗೊತ್ತಿಲ್ಲದ್ದು ಏನಂದ್ರ ಹುಡುಗ್ಯಾರಿಗೆ ಡಿಗ್ರಿ ಮುಗಿಯೋ ತನಕ ಮನಿ ಮತ್ತ ಕಾಲೇಜಿನ ನಡುವ ಸೆಕೆಂಡ್ ಕ್ಲಾಸ್ ಮಾಸಿಕ ಪಾಸ್ ಫ್ರೀ ಐತಿ. ಕಾಲೇಜಿನಿಂದ ಸರ್ಟಿಫಿಕೇಟ್ ತಗೊಂಡು ಸ್ಟೇಷನ್‌ನ್ಯಾಗ ಕೇಳ್ರಿ. ತೊಂದರೆ ಅಂದ್ರ ಪ್ಯಾಸೆಂಜರ್ ಗಾಡಿ ಕಡಿಮಿ, ಎಕ್ಸ್‌ಪ್ರೆಸ್ ದಾಟಿಸಾಕ ಅಂತ ಸಣ್ಣ ಸ್ಟೇಷನ್‌ನ್ಯಾಗ ನಿಲ್ಲಸಿಬಿಡ್ತಾರ. ಟ್ರೇನಿನ ಹುಡುಗರ ಒಂದು ಲಾಭ ಹೇಳ್ತೀನಿ, ಕುಂದ್ರಾಕ ಜಾಗ ಸಿಕ್ಕರ ಅವರು ಓದ್ತಾರ, ನೋಟ್ಸ್ ಬದಲಿ ಮಾಡ್ಕೋತಾರ, ಸೀನಿಯರ್ ಜೂನಿಯರ್‌ಗೆ ಅಕೌಂಟ್ಸ್ ಹೇಳಿಕೊಡ್ತಾನ. ನಮ್ಮ ಟ್ಯುಟೋರಿಯಲ್ ಕ್ಲಾಸಿಗಿಂತ ಅಲ್ಲೇ ಕಲಿಯೋದು ಹೆಚ್ಚು ಅಂತ ಕೆಲವರು ನನಗ ಹೇಳ್ಯಾರ, ನಾನು ನಂಬ್ತೀನಿ.

ಸಂಜೆ ಸೆಮಿನಾರ್, ಸ್ಪೋರ್ಟ್ಸ್, ಕಲ್ಚರಲ್ ಯಾವುದಕ್ಕೂ ನಿಲ್ಲಲ್ಲ. ಆಸಕ್ತಿಯೇ ಇಲ್ಲ ಅನ್ಸುತ್ತೆ?

ಆಸಕ್ತಿ ಐತಿ, ಬಸ್ ಇಲ್ಲ. ನಾಕೂವರಿ ಬಸ್ ಬಿಟ್ಟರ ಮುಂದಿನದು ಏಳಕ್ಕ ಇರ್ತೈತಿ, ಅದು ಹಳ್ಳಿ ಒಳಗ ಹೋಗೋದಿಲ್ಲ, ಕ್ರಾಸಿಗೆ ಇಳಿಸಿ ಹೋಗ್ತೈತಿ, ಅಲ್ಲಿಂದ ಕತ್ತಲದಾಗ ನಡೀಬೇಕು. ಅದೇ ಪ್ರೋಗ್ರಾಮನ್ನ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗ ಇಟ್ಟು ನೋಡ್ರಿ, ಹಾಲ್ ತುಂಬತೈತಿ, ಭಾಷಣಕ್ಕ ಬಾಯಿ ಬಿಡದ ಹುಡುಗ ಜಾನಪದ ಹಾಡಿಗೆ ಸ್ಟೇಜ್ ಹತ್ತತಾನ.

ಆಗಸ್ಟ್ ಕೊನಿಗೆ, ಸೆಪ್ಟೆಂಬರ್‌ನ್ಯಾಗ ಕ್ಲಾಸ್ ಅರ್ಧ ಖಾಲಿ ಆಗ್ತೈತಿ, ಏನ್ ಕಾರಣ?

ಹೆಸರುಕಾಳಿನ ಸುಗ್ಗಿ. ಧಾರವಾಡ, ಗದಗ ಕಡೆ ಮುಂಗಾರಿಗೆ ಹೆಸರು ಬಿತ್ತತಾರ, ಜೂನ್‌ನ್ಯಾಗ ಬಿತ್ತಿದ್ದು ಆಗಸ್ಟ್ ಅರ್ಧ ದಾಟಿದ ಮ್ಯಾಲ ಬಿಡಿಸಾಕ ಬರ್ತೈತಿ. ಕಾಯಿ ಒಣಗಿ ನಿಂತಾಗ ಮಳಿ ಹಿಡೀತಂದ್ರ ಗಿಡದ ಮ್ಯಾಲೇ ಮೊಳಕಿ ಒಡಿತೈತಿ, ಇಡೀ ಬೆಳಿ ಹಾಳು, ಅದಕ್ಕ ನಾಕು ದಿನ ಬಿಸಿಲು ಬಿದ್ರ ಸಾಕು ಮನಿ ಮಂದಿ ಎಲ್ಲಾ ಹೊಲದಾಗ ಇರಬೇಕು. ಆಳಿನ ಪಗಾರ ಏರಿರ್ತೈತಿ, ಸಿಗೋದೂ ಇಲ್ಲ. ಡಿಗ್ರಿ ಓದೋ ಮಗ ಮನ್ಯಾಗ ಇದ್ದು ಕಾಲೇಜಿಗೆ ಹೋಗ್ತೀನಿ ಅನ್ನಾಕ ಆಗ್ತೈತೇನ್ರಿ? ಆ ಹೆಸರು ಮಾರಿದ ರೊಕ್ಕದಾಗೇ ಅವನ ಫೀಸು ಕಟ್ಟೋದು.

ಹೆಸರು ಮುಗಿತಿದ್ದಂಗ ಅದೇ ಹೊಲದಾಗ ಹಿಂಗಾರಿ ಕಡ್ಲಿ, ಬಿಳಿಜೋಳ ಬಿತ್ತೋದು. ಹಾವೇರಿ ಕಡೆ ಗೋವಿನಜೋಳದ ಹಂಗಾಮು ದೀಪಾವಳಿ ಆಜೂಬಾಜು. ಕುಂದಗೋಳ ಕಡೆ ಬ್ಯಾಡಗಿ ತಳಿ ಮೆಣಸಿನಕಾಯಿ ಹರಿಯೋದು ಡಿಸೆಂಬರ್ ನಂತರ. ಅಂದ್ರ ಯಾವ ಹುಡುಗ ಯಾವ ತಿಂಗಳು ಬರೋದಿಲ್ಲ ಅನ್ನೋದನ್ನ ಅವನ ಊರು ಗೊತ್ತಿದ್ರ ಮೊದಲೇ ಹೇಳಬಹುದು. ಗುಳೆ ಹೋಗೋ ತಾಂಡಾದ ಮಕ್ಕಳ ಲೆಕ್ಕ ಇದಕ್ಕಿಂತ ಬ್ಯಾರೆ, ಅವರಿಗೆ ಸುಗ್ಗಿ ಮುಗಿದ ಮ್ಯಾಲ ಊರಾಗ ಕೆಲಸ ಇರೋದಿಲ್ಲ, ತಂದೆ-ತಾಯಿ ಊರು ಬಿಡ್ತಾರ, ಆವಾಗ ಹುಡುಗನೂ ಹೋದ್ರ ವಾಪಸ್ ಬರ್ತಾನೋ ಇಲ್ಲೋ ಅನ್ನೋ ಭಯ.

ಇಂಟರ್ನಲ್ ಟೆಸ್ಟನ್ನ ಆಗಸ್ಟ್ ಕೊನೇ ವಾರದಾಗ ಇಡಬ್ಯಾಡ್ರಿ. ಕ್ಯಾಲೆಂಡರ್ ಆಫ್ ಈವೆಂಟ್ಸ್ ಮಾಡೋ ಕಮಿಟಿಯೊಳಗ ಒಕ್ಕಲುತನ ಗೊತ್ತಿರೋ ಒಬ್ಬರು ಕುಂತರ ಇಷ್ಟು ಸಣ್ಣ ಬದಲಾವಣೆ ಸಹಜ ಆಗಿಬಿಡ್ತೈತಿ.

## ಕ್ಲಾಸಿನ ಒಳಗ

ಪ್ರಶ್ನೆ ಕೇಳಿದ್ರೆ ತಲೆ ತಗ್ಗಿಸ್ತಾರೆ. ಬೇಸಿಕ್ಕೇ ಇಲ್ಲ ಅನ್ಸುತ್ತೆ. ಏನು ಮಾಡೋದು?

ಮೊದಲು ಯಾವ ಭಾಷೆಯೊಳಗ ಕೇಳಿದ್ರಿ ಅಂತ ನೋಡ್ಕೊಳ್ರಿ. ಹತ್ತನೇತ್ತ ತನಕ ಕನ್ನಡದಾಗ ವಿಜ್ಞಾನ ಕಲ್ತು, ಪಿಯುಸಿಗೆ ಬಂದಾಗ ಒಮ್ಮೆಲೇ ಇಂಗ್ಲಿಷ್ ಆಗಿರ್ತೈತಿ. 'ದ್ಯುತಿಸಂಶ್ಲೇಷಣೆ' ಅಂದ್ರ ಪೂರ್ತಿ ವಿವರಿಸೋ ಹುಡುಗಿಗೆ 'ಫೋಟೋಸಿಂಥೆಸಿಸ್' ಅಂದ್ರ ಗೊತ್ತಿಲ್ಲ ಅಂತ ನೀವು ಬರ್ಕೊಂಡಿರ್ತೀರಿ. ಎರಡೂ ಹೆಸರು ಬೋರ್ಡಿನ ಮ್ಯಾಲ ಬಾಜೂಬಾಜು ಬರೀರಿ, ಕನ್ನಡದಾಗ ಉತ್ತರ ಹೇಳಾಕ ಬಿಡ್ರಿ, ಆಮ್ಯಾಲ ಅದನ್ನೇ ಇಂಗ್ಲಿಷ್‌ನ್ಯಾಗ ಬರಸ್ರಿ.

ಇನ್ನೊಂದು, ನಮ್ಮ ಕಡೆ ಹುಡುಗರು ದೊಡ್ಡವರ ಮುಂದ ಮಾತಾಡೋದು ಅಂದ್ರ ಎದುರು ಮಾತಾಡೋದು ಅಂತ ತಿಳ್ಕೊಂಡು ಬೆಳೆದಿರ್ತಾರ. ಕ್ಲಾಸಿನ್ಯಾಗ ಕೇಳದವರು ಕಾರಿಡಾರ್‌ನ್ಯಾಗ ಹಿಂದ ಹಿಂದ ಬಂದು ಕೇಳ್ತಾರ. ಆವಾಗ ಗಡಿಬಿಡಿಯೊಳಗ 'ನಾಳೆ ಕೇಳು' ಅಂದ್ರ ಆ ಪ್ರಶ್ನೆ ಮುಗೀತು, ನಾಳೆ ಅವ ಕೇಳೋದಿಲ್ಲ.

ಎಲ್ಲಾರ ಮನಿಮಾತು ಕನ್ನಡನೇ ಅಲ್ಲೇನು?

ಅಲ್ಲ. ಹುಬ್ಬಳ್ಳಿಯೊಳಗ ಉರ್ದು, ಮರಾಠಿ, ಕೊಂಕಣಿ, ತೆಲುಗು ಮನಿಮಾತಿನವರು ಭಾಳ. ತಾಂಡಾದ ಮಕ್ಕಳದು ಲಂಬಾಣಿ, ಅಳ್ನಾವರ, ಹಳಿಯಾಳ ಕಡೆಯವರದು ಮರಾಠಿ ಇಲ್ಲಾ ಕೊಂಕಣಿ. ಮುಂಡಗೋಡದಾಗ 1966ರಿಂದ ಟಿಬೆಟಿಯನ್ ಕ್ಯಾಂಪ್ ಐತಿ, ಅಲ್ಲಿಂದ ಹುಬ್ಬಳ್ಳಿ ಹತ್ತರ. ಹಳಿಯಾಳ, ಯಲ್ಲಾಪುರ, ಕಲಘಟಗಿ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮಾಜದ ಹುಡುಗರು ಬರ್ತಾರ, ಅವರ ಮನಿಮಂದಿ ಶತಮಾನಗಳಿಂದ ಇದೇ ಮಣ್ಣಿನ್ಯಾಗ ಅದಾರ, ಕನ್ನಡ ಕೊಂಕಣಿ ನಮ್ಮಷ್ಟೇ ಚಂದ ಮಾತಾಡ್ತಾರ. 'ನೀವು ಯಾವ ದೇಶದವರು' ಅಂತ ಗೆಳೆಯರು ಕೇಳೋ ಪ್ರಶ್ನೆ ಅವರಿಗೆ ಎಷ್ಟು ಚುಚ್ಚತೈತಿ ಅಂದ್ರ, ಒಬ್ಬ ಹುಡುಗ ಆ ಒಂದ ಕಾರಣಕ್ಕ ಕಾಲೇಜು ಬಿಡ್ತೀನಿ ಅಂತ ನನ್ನ ಮುಂದ ನಿಂತಿದ್ದ. ಮೊದಲನೇ ವಾರದಾಗೇ ಇಡೀ ಕ್ಲಾಸಿಗೆ ಈ ಭಾಗದ ಸಮುದಾಯಗಳ ಬಗ್ಗೆ ಮಾತಾಡ್ರಿ, ಒಬ್ಬರನ್ನ ಎಬ್ಬಿಸಿ ನಿಲ್ಲಿಸಿ ಅಲ್ಲ, ಎಲ್ಲಾರ ಊರಿನ ಕಥಿ ಕೇಳೋ ನೆವದಾಗ.

ದುಡಕೋಂತ ಓದೋ ಹುಡುಗರು ಎಂಥ ಕೆಲಸ ಮಾಡ್ತಾರ? ಓದಿಗೆ ತೊಂದರೆ ಆಗೋದಿಲ್ಲೇನು?

ಅಮರಗೋಳ ಎಪಿಎಂಸಿಯೊಳಗ ಲೆಕ್ಕ ಬರಿಯೋದು, ಔಷಧ ಅಂಗಡಿ, ಅರಿವಿ ಅಂಗಡಿ, ಮೊಬೈಲ್ ರಿಪೇರಿ, ಪೆಟ್ರೋಲ್ ಬಂಕ್, ಫುಡ್ ಡೆಲಿವರಿ, ತಾರಿಹಾಳ ಮತ್ತ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಶಿಫ್ಟ್, ಮದ್ವಿ ಸೀಸನ್‌ನ್ಯಾಗ ಬಡಿಸೋ ಕೆಲಸ. ರಾತ್ರಿ ಶಿಫ್ಟ್ ಮುಗಿಸಿ ಸೀದಾ ಕ್ಲಾಸಿಗೆ ಬಂದು ನಿದ್ದಿ ಹೊಡಿಯೋರು ಅದಾರ. ತೊಂದರೆ ಆಗ್ತೈತಿ, ಖಂಡಿತ ಆಗ್ತೈತಿ. ಆದ್ರ ಕೆಲಸ ಬಿಡು ಅಂತ ಹೇಳೋದು ಸುಲಭ, ಬಿಟ್ಟರ ಅವನ ಓದೂ ನಿಲ್ತೈತಿ. ಅವನಿಗೆ ಬೇಕಾಗಿದ್ದು ಅಸೈನ್‌ಮೆಂಟ್ ಯಾವಾಗ ಅಂತ ಹದಿನೈದು ದಿನ ಮೊದಲೇ ಗೊತ್ತಾಗೋದು, 'ನಾಳೆನೇ ತರಬೇಕು' ಅಂದ್ರ ಅವನಿಂದ ಆಗೋದಿಲ್ಲ. ಇಂಥ ಹುಡುಗರಿಗೆ ವ್ಯವಹಾರ ಜ್ಞಾನ ಭಾಳ ಇರ್ತೈತಿ, ಕಾಮರ್ಸ್ ಪಾಠದಾಗ ಜಿಎಸ್‌ಟಿ ಬಿಲ್ ಬಗ್ಗೆ ಅವರನ್ನ ಕೇಳಿ ನೋಡ್ರಿ, ಪುಸ್ತಕಕ್ಕಿಂತ ಚಲೋ ಹೇಳ್ತಾರ.

ಎಂಎಗೆ ಅಡ್ಮಿಷನ್ ಮಾಡಿಸಿ, ಕ್ಲಾಸಿಗೆ ಬರದೆ ಧಾರವಾಡದ ಸಪ್ತಾಪುರದ ರೀಡಿಂಗ್ ರೂಮ್‌ನಲ್ಲಿ ಪಿಎಸ್‌ಐ, ಕೆಎಎಸ್‌ಗೆ ಓದ್ತಾ ಕೂರ್ತಾರೆ. ಇವರೂ ವಿದ್ಯಾರ್ಥಿಗಳಾ?

ಹೌದು, ಮತ್ತ ಇವರನ್ನ ಬೈಯೋ ಮೊದಲು ಅವರ ಲೆಕ್ಕ ಕೇಳ್ರಿ. ಸರ್ಕಾರಿ ನೌಕರಿ ಒಂದು ಬಂದ್ರ ಇಡೀ ಮನಿತನ ಎದ್ದು ನಿಲ್ತೈತಿ ಅನ್ನೋ ನಂಬಿಕಿಯೊಳಗ ಹೊಲ ಒತ್ತಿ ಇಟ್ಟು ಕಳಿಸಿರ್ತಾರ. ನೋಟಿಫಿಕೇಷನ್ ಮುಂದ ಹೋಕ್ಕೋತ ಹೋಗ್ತೈತಿ, ವಯಸ್ಸು ಏರ್ತೈತಿ, ಊರಿಗೆ ಹೋದ್ರ 'ಏನಾತು ನೌಕರಿ' ಅಂತ ಎಲ್ಲಾರೂ ಕೇಳ್ತಾರ ಅಂತ ಹಬ್ಬಕ್ಕೂ ಊರಿಗೆ ಹೋಗದವರು ಅದಾರ. ನನ್ನ ಅನುಭವದಾಗ ಇವರಿಗೆ ಚರಿತ್ರೆ, ಅರ್ಥಶಾಸ್ತ್ರ, ಸಂವಿಧಾನದ ಪಾಠಗಳು ಪರೀಕ್ಷೆಗೂ ಬೇಕಾಗಿರ್ತಾವ, ಅದನ್ನ ಜೋಡಿಸಿ ಪಾಠ ಮಾಡಿದ್ರ ತಾವಾಗೇ ಕ್ಲಾಸಿಗೆ ಬರ್ತಾರ. ಇವರ ಮನಸಿನ ಮ್ಯಾಲಿನ ಭಾರದ ಬಗ್ಗೆ ಕಾಲೇಜುಗಳು ಇನ್ನೂ ಭಾಳ ಕೆಲಸ ಮಾಡಬೇಕು.

ಮಗಳನ್ನ ದಿನಾ ಕಳಸಾಕ ಹೆದರಿಕಿ ಆಗ್ತೈತ್ರಿ ಸರ, ಓದು ಬಿಡಸ್ಲೇನು?

ಬಿಡಸಬ್ಯಾಡ್ರಿ ಅಕ್ಕಾ. ನಿಮ್ಮ ಹೆದರಿಕಿ ಸುಳ್ಳಲ್ಲ, ಆದ್ರ ಅದಕ್ಕ ದಾರಿ ಅದಾವ. ಅದೇ ಬಸ್ಸಿಗೆ ಬರೋ ಇನ್ನೂ ನಾಕು ಹುಡುಗ್ಯಾರ ಹೆಸರು, ಅವರ ಮನಿ ಫೋನ್ ನಂಬರ್ ನಿಮ್ಮ ಹತ್ತರ ಇರ್ಲಿ. ಕಾಲೇಜಿನ್ಯಾಗ ಆಕೀ ಮೆಂಟರ್ ಯಾರು ಅಂತ ತಿಳ್ಕೊಂಡು ಒಮ್ಮೆ ಬಂದು ಭೇಟಿಯಾಗ್ರಿ. ಬಸ್ಸಿನ್ಯಾಗ ಯಾರರ ತ್ರಾಸ ಕೊಟ್ರ 112ಕ್ಕ ಫೋನ್ ಮಾಡಾಕ ಹೇಳಿಕೊಡ್ರಿ. ಮತ್ತ ಒಂದು ಮಾತು ಖಾಸ ಹೇಳ್ತೀನಿ: ಬಸ್ಸಿನ್ಯಾಗ ತ್ರಾಸ ಆಗಿದ್ದನ್ನ ಮಗಳು ಮನ್ಯಾಗ ಬಂದು ಹೇಳಿದಾಗ 'ನಾಳೆಯಿಂದ ಹೋಗಬ್ಯಾಡ' ಅಂತ ಅನ್ನಬ್ಯಾಡ್ರಿ. ಅಂದ್ರಂದ್ರ ಮುಂದ ಏನಾದ್ರೂ ಆಕಿ ನಿಮಗ ಹೇಳೋದಿಲ್ಲ.

ಹುಡುಗ್ಯಾರು ಮಧ್ಯಾಹ್ನದ ಹೊತ್ತಿಗೆ ತಲಿನೋವು, ಸುಸ್ತು ಅಂತಾರ. ದಿನಾ ಏನಿದು?

ಮುಂಜಾನೆ ಐದಕ್ಕ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಕೊಂಡು, ತಾವು ಏನೂ ತಿನ್ನದ ಬಂದಿರ್ತಾರ. ದಾರಿಯೊಳಗ ಟಾಯ್ಲೆಟ್ ಸಿಗೋದಿಲ್ಲ ಅಂತ ನೀರು ಕುಡಿಯೋದಿಲ್ಲ. ಕಾಲೇಜಿನ ಟಾಯ್ಲೆಟ್‌ನ್ಯಾಗ ನೀರಿಲ್ಲ ಅಂದ್ರ ಸಂಜಿ ತನಕ ಕುಡಿಯೋದಿಲ್ಲ. ಇದರಿಂದ ಮೂತ್ರದ ಸೋಂಕು ಆಗಿ ದವಾಖಾನಿಗೆ ಹೋದವರು ಅದಾರ. ಸ್ವಚ್ಛ ಟಾಯ್ಲೆಟ್, ಕುಡಿಯೋ ನೀರು, ಪ್ಯಾಡ್ ಇಡೋ ಜಾಗ, ಬುತ್ತಿ ಬಿಚ್ಚಾಕ ಒಂದು ಕೋಣಿ, ಇಷ್ಟನ್ನ ಸರಿ ಮಾಡಿದ ಕಾಲೇಜಿನ್ಯಾಗ ಮಧ್ಯಾಹ್ನದ ಹಾಜರಿ ಏರ್ತೈತಿ. ಹಾಸ್ಟೆಲ್ ಹುಡುಗ್ಯಾರಿಗೆ ರೂಮ್ ಐತಿ, ಅಪ್-ಡೌನ್ ಹುಡುಗಿಗೆ ಇಡೀ ದಿನ ಕಾಲೇಜೇ ಮನಿ ಅನ್ನೋದು ಪ್ಲ್ಯಾನ್ ಮಾಡೋರಿಗೆ ಹೊಳಿಯೋದಿಲ್ಲ.

ನಾನು ಹಾವೇರಿ ಕಡೆಯಿಂದ ಅಪ್-ಡೌನ್ ಮಾಡ್ತೀನಿ. ಹಾಸ್ಟೆಲ್ ಹುಡುಗರ ಗ್ರೂಪಿನ್ಯಾಗ ಸೇರಾಕ ಆಗ್ತಿಲ್ಲ, ಒಬ್ಬನೇ ಅನಸ್ತೈತಿ.

ಇದು ನಿನಗೊಬ್ಬನಿಗೇ ಅಲ್ಲ ತಮ್ಮಾ. ಅವರು ರಾತ್ರಿ ಕೂಡಿ ಉಂಡು, ಕೂಡಿ ಓದ್ತಾರ, ನೀ ಬರೋದ್ರಾಗ ಅವರ ಮಾತು ಅರ್ಧ ಮುಗಿದಿರ್ತೈತಿ. ಗೆಳೆತನಕ್ಕ ನಿನ್ನ ಬಸ್ಸಿನ ಹುಡುಗರನ್ನ ಮೊದಲು ಹಿಡಿ, ಬ್ಯಾರೆ ಡಿಪಾರ್ಟ್‌ಮೆಂಟಿನವರಾದ್ರೂ ಅಡ್ಡಿಯಿಲ್ಲ. ಕ್ಲಾಸಿನ್ಯಾಗ ಒಬ್ಬ ಹಾಸ್ಟೆಲ್ ಗೆಳೆಯ ಇದ್ರ ಸಾಕು, ನೋಟ್ಸು, ನೋಟಿಸು ಎಲ್ಲಾ ಸಿಗ್ತೈತಿ. ಪರೀಕ್ಷೆ ಹಿಂದಿನ ರಾತ್ರಿ ಅವನ ಹತ್ತರ ಉಳಕೊಳ್ಳಾಕ ಬರ್ತೈತೇನು ಕೇಳು. ಅವನನ್ನೂ ಒಂದ ಸಲ ನಿಮ್ಮೂರ ಜಾತ್ರಿಗೆ ಕರಕೊಂಡು ಹೋಗು.

## ಸ್ವಲ್ಪ ಆಳದ ಪ್ರಶ್ನೆಗಳು

75% ಹಾಜರಿ ರೂಲ್ ಐತಿ, ಕರುಣೆ ತೋರಿಸಿದ್ರ ನಮ್ಮ ತಲಿಗೆ ಬರ್ತೈತಿ. ಏನ್ ಮಾಡಬೇಕು?

ಸುಳ್ಳು ಹಾಜರಿ ಹಾಕಬ್ಯಾಡ್ರಿ, ಅದು ಹುಡುಗನಿಗೂ ಚಲೋದಲ್ಲ. ಸೆಮಿಸ್ಟರ್ ಕೊನಿಗೆ ಶಾರ್ಟೇಜ್ ಲಿಸ್ಟ್ ಅಂಟಿಸೋ ಬದಲಿ ಪ್ರತಿ ತಿಂಗಳು ಹಾಜರಿ ತೋರಸ್ರಿ, ಆವಾಗ ಹುಡುಗ ಲೆಕ್ಕ ಹಾಕಿ ಹೊಲದ ದಿನ ಉಳಿಸ್ಕೋತಾನ. ಲ್ಯಾಬ್ ತಪ್ಪಿದ್ದಕ್ಕ ಇನ್ನೊಂದು ಬ್ಯಾಚಿನ ಜೊತಿ ಮಾಡಾಕ ಬಿಡ್ರಿ. ಟೈಮ್‌ಟೇಬಲ್ ಮಾಡುವಾಗ ಒಂಬತ್ತಕ್ಕ ಒಂದು, ಮೂರಕ್ಕ ಒಂದು ಕ್ಲಾಸ್ ಇಟ್ಟು ನಡುವ ಖಾಲಿ ಬಿಡೋದನ್ನ ನಿಲ್ಲಸ್ರಿ, ಒತ್ತೊತ್ತಾಗಿ ಇಟ್ಟರ ಅರ್ಧ ಸಮಸ್ಯೆ ಮುಗೀತು.

ಸ್ಕಾಲರ್‌ಶಿಪ್ ಇಷ್ಟು ಅದಾವಲ್ಲ, ಆದ್ರೂ ರೊಕ್ಕದ ಸಲುವಾಗಿ ಯಾಕ ಬಿಡ್ತಾರ?

ಯೋಜನೆ ಅದಾವ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ವಿದ್ಯಾಸಿರಿಯೊಳಗ ಹತ್ತು ತಿಂಗಳು ಊಟ-ವಸತಿಗೆ ರೊಕ್ಕ ಕೊಡ್ತಾರ. 2021ರಾಗ ಶುರುವಾದ ರೈತ ವಿದ್ಯಾನಿಧಿಯೊಳಗ ಡಿಗ್ರಿ ಹುಡುಗರಿಗೆ ವರ್ಷಕ್ಕ 5,000, ಹುಡುಗ್ಯಾರಿಗೆ 5,500 ಅಂತ ಇಟ್ಟಿದ್ರು. ಆದ್ರ ರೊಕ್ಕ ಬರೋದು ಖರ್ಚಾದ ಮ್ಯಾಲ, ಫೀಸು ಕಟ್ಟೋದು ಜೂನ್-ಜುಲೈದಾಗ. ಆಧಾರ್‌ನ್ಯಾಗ ಒಂದು ಹೆಸರು, ಮಾರ್ಕ್ಸ್ ಕಾರ್ಡಿನ್ಯಾಗ ಒಂದು ಹೆಸರು ಇದ್ರ ಪೋರ್ಟಲ್‌ನ್ಯಾಗ ಅರ್ಜಿ ಮುಂದ ಹೋಗೋದಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರೋದಿಲ್ಲ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರ್ತೈತಿ. ಇದನ್ನ ಸರಿ ಮಾಡಸಾಕ ನಾಡಕಚೇರಿಗೆ ಅಡ್ಡಾಡಿದ ದಿನಾನೂ ಕ್ಲಾಸಿನ್ಯಾಗ ಗೈರುಹಾಜರಿ. ಕಾಲೇಜಿನ್ಯಾಗೇ ವಾರಕ್ಕ ಒಂದಿನ ಒಂದು ಕಂಪ್ಯೂಟರ್, ಒಬ್ಬ ತಿಳಿದವರು ಕುಂತು ಅರ್ಜಿ ತುಂಬಿಕೊಟ್ರ ಎಷ್ಟೋ ಮಂದಿ ಓದು ಉಳಿತೈತಿ.

ಅಡ್ಮಿಷನ್ ಫಾರಂನಲ್ಲಿ ಜಾತಿ, ಆದಾಯ, ಗ್ರಾಮೀಣ ಎಲ್ಲಾ ಇದೆ. ವಿದ್ಯಾರ್ಥಿಗಳನ್ನ ತಿಳ್ಕೊಳ್ಳೋಕೆ ಅಷ್ಟು ಸಾಲಲ್ವಾ?

ಸಾಲೋದಿಲ್ಲ. ಆ ಕಾಲಂಗಳು ಮೀಸಲಾತಿಗೆ ಬೇಕು, ಅವು ಇರಲೇಬೇಕು, ಆದ್ರ ದಿನದ ಬದುಕು ಅದರಾಗ ಕಾಣೋದಿಲ್ಲ. ನಾನಾದ್ರ ಇನ್ನೂ ಕೆಲವನ್ನ ಕೇಳ್ತೀನಿ: ಮನಿಯಿಂದ ಎಷ್ಟಕ್ಕ ಹೊರಡ್ತಿ, ಹೊಳ್ಳಿ ಎಷ್ಟಕ್ಕ ಮುಟ್ತಿ, ಎಷ್ಟು ಬಸ್ ಬದಲಿ ಮಾಡ್ತಿ, ಕೊನೇ ಬಸ್ ಎಷ್ಟಕ್ಕ, ಮನ್ಯಾಗ ನಿನಗಿಂತ ಮೊದಲು ಕಾಲೇಜಿಗೆ ಹೋದವರು ಯಾರರ ಅದಾರೇನು, ಕೆಲಸ ಮಾಡ್ತೀಯೇನು, ಸ್ವಂತ ಫೋನ್ ಐತೋ ಮನಿಗೆಲ್ಲ ಒಂದೇ ಐತೋ, ಊರಾಗ ನೆಟ್‌ವರ್ಕ್ ಸಿಗ್ತೈತೇನು. ನೋಟಿಸನ್ನ ರಾತ್ರಿ ವಾಟ್ಸಾಪ್‌ನ್ಯಾಗ ಹಾಕಿ 'ಎಲ್ಲಾರಿಗೂ ತಿಳಿಸೇವಿ' ಅನ್ನೋ ಕಾಲೇಜುಗಳು ಕೊನೇ ಎರಡು ಪ್ರಶ್ನೆಯ ಉತ್ತರ ಓದಬೇಕು. ಕಣ್ಣು ಕಾಣದ, ಕಾಲಿಗೆ ಬಲ ಇಲ್ಲದ ವಿದ್ಯಾರ್ಥಿಗೆ ಬಸ್ ಸ್ಟಾಪಿನಿಂದ ಕ್ಲಾಸಿನ ತನಕ ದಾರಿ ಹೆಂಗೈತಿ ಅಂತ ಒಮ್ಮೆ ಜೊತಿಗೆ ನಡದು ನೋಡ್ರಿ, ಎರಡನೇ ಮಹಡಿಯೊಳಗ ಇಟ್ಟ ಕ್ಲಾಸನ್ನ ಅವತ್ತೇ ಕೆಳಗ ತರ್ತೀರಿ.

ಹಿಂಗ ಕೇಳಿದ್ದನ್ನ ಕಪಾಟಿನ್ಯಾಗ ಇಡೋದಾದ್ರ ಕೇಳಲೇಬ್ಯಾಡ್ರಿ. ಹುಡುಗರು ಖರೆ ಹೇಳಿರ್ತಾರ, ಹೇಳಿದ ಮ್ಯಾಲ ಏನೂ ಬದಲಾಗಲಿಲ್ಲ ಅಂದ್ರ ಮುಂದಿನ ವರ್ಷ ಸುಮ್ಮನ ಟಿಕ್ ಹಾಕಿ ಕೊಡ್ತಾರ.

ಜಿಲ್ಲೆಗೊಂದು ವಿಶ್ವವಿದ್ಯಾಲಯ ಆದ್ರ ಈ ಅಪ್-ಡೌನ್ ಮುಗೀತೈತೇನು?

ದೂರ ಕಡಿಮಿ ಆಗ್ತೈತಿ, ಅಪ್-ಡೌನ್ ಮುಗಿಯೋದಿಲ್ಲ. 2010ರಾಗ ಬೆಳಗಾವಿಯೊಳಗ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆತು, ಬೆಳಗಾವಿ, ವಿಜಯಪುರ, ಬಾಗಲಕೋಟ ಕಡೆ ಕಾಲೇಜುಗಳು ಆ ಕಡೆ ಹೋದ್ವು. ಗದಗಿನ್ಯಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಶಿಗ್ಗಾವಿ ತಾಲೂಕಿನ ಗೊಟಗೋಡಿಯೊಳಗ ಜಾನಪದ ವಿಶ್ವವಿದ್ಯಾಲಯ, 2023ರಾಗ ಹಾವೇರಿ ವಿಶ್ವವಿದ್ಯಾಲಯ ಬಂದ್ವು. ಹಾನಗಲ್ಲ ಹುಡುಗಿಗೆ ಧಾರವಾಡಕ್ಕಿಂತ ಹಾವೇರಿ ಹತ್ತರ, ಅದು ಒಳ್ಳೇದೇ. ಆದ್ರ ಆಕಿ ಹಾವೇರಿಗೂ ಬಸ್ಸಿಗೇ ಬರಬೇಕು, ಅಲ್ಲಿ ಕಾಯಂ ಮಾಸ್ತರರು, ಲ್ಯಾಬು, ಲೈಬ್ರರಿ ಇರಬೇಕು. ಹೊಸ ಕಡೆ ಇವು ತುಂಬೋ ತನಕ ಹುಡುಗರು ದೂರ ಆದ್ರೂ ಧಾರವಾಡಕ್ಕೇ ಬರ್ತಾರ. ಅದಕ್ಕ ಹೊಸ ಕ್ಯಾಂಪಸ್ ಕಟ್ಟೋರಿಗೆ ನನ್ನದೊಂದು ಕೇಳಿಕಿ ಐತಿ: ಬಿಲ್ಡಿಂಗಿನ ನಕ್ಷೆ ಹಾಕೋ ದಿನಾನೇ ಡಿಪೋ ಮ್ಯಾನೇಜರ್‌ನ್ನ ಕರದು ಕೂಡಸ್ರಿ, ಕಡೀ ಪಿರಿಯಡ್ ಬಿಟ್ಟ ಮ್ಯಾಲ ಬಸ್ ಗೇಟಿನಿಂದ ಎಷ್ಟಕ್ಕ ಬಿಡ್ತೈತಿ, ಯಾವ ಯಾವ ಹಳ್ಳಿ ಒಳಗ ಹೋಗ್ತೈತಿ ಅಂತ ಅವತ್ತೇ ಬರಸ್ಕೊಳ್ರಿ.